ಎಂದು ಓದಿಕೊಳ್ಳತಕ್ಕದ್ದು

ಮಸ್ಕತ್ತಿನ ಹಮ್ರಿಯಾ, ಹಿಂದಿನ ಗಲ್ಲಿ, ಟೈಪಿಂಗ್ ಅಂಗಡಿ.
ಎರಡು ಕಂಪ್ಯೂಟರ್, ಒಂದು ಫ್ಯಾನು, ಒಂದು ಅಂಟಿನ ಬಾಟಲಿ.
ಇಪ್ಪತ್ತೆರಡು ವರ್ಷದಿಂದ ಇಲ್ಲಿ ಕೂತು
ಅರಬ್ಬಿಯ ಕಾಯಿದೆಯನ್ನು ಇಂಗ್ಲಿಷಿಗೆ ಇಳಿಸುತ್ತೇನೆ,
ನಮ್ಮ ಕಡೆಯವರು ಬಂದರೆ ಬಾಯಲ್ಲಿ ಕನ್ನಡಕ್ಕೂ.

ಕಪಾಟಿನಲ್ಲಿ ಕಾಯಿದೆ ಪುಸ್ತಕ, ಹಸಿರು ರಟ್ಟು.
ಕೊಂಡಾಗ ಕಿರುಬೆರಳಿನಷ್ಟು ದಪ್ಪ.
ಈಗ ನೆನೆಹಾಕಿದ ಕಡಲೆಯ ಹಾಗೆ ಊದಿದೆ:
ಸುತ್ತೋಲೆ ಬಂದಾಗಲೆಲ್ಲ ಚೀಟಿ ಕತ್ತರಿಸಿ
ಹಳೆಯ ಸಾಲಿನ ಮೇಲೆ ಅಂಟಿಸುತ್ತ ಬಂದವನು ನಾನೇ.
‘ಅರವತ್ತು ದಿನ’ ಎಂದಿರುವಲ್ಲಿ ‘ಇಪ್ಪತ್ತು’
ಎಂದು ಓದಿಕೊಳ್ಳತಕ್ಕದ್ದು.
‘ನೌಕರ’ ಎಂದಿರುವಲ್ಲಿ ‘ಮನೆಗೆಲಸದವರ ಹೊರತು ನೌಕರ’
ಎಂದು ಓದಿಕೊಳ್ಳತಕ್ಕದ್ದು.
ಓದಿಕೊಂಡೆ. ಓದಿಸಿದೆ. ಪುಟಕ್ಕೆ ಇನ್ನೂರು ಬೈಸಾ.

ತಪ್ಪೇನೂ ಇಲ್ಲ, ಕಾಯಿದೆಯೇ ಕೊಟ್ಟ ಅಪ್ಪಣೆ.
ಕೊನೆಯ ಪುಟ, ತೊಂಬತ್ತೊಂದನೆಯ ಕಲಮು:
ಅಗತ್ಯ ಕಂಡಲ್ಲಿ ಯಾವುದೇ ಕಲಮನ್ನು
ಆದೇಶದಿಂದ ಮಾರ್ಪಡಿಸಬಹುದು.
ಯಾವುದೇ ಅಂದರೆ ತೊಂಬತ್ತೊಂದನ್ನೂ?
ಅಗತ್ಯ ಕಾಣುವ ಕಣ್ಣು ಯಾರದು?
ಅಷ್ಟು ಹೊತ್ತಿಗೆ ಊಟದ ಡಬ್ಬಿ ಬಂತು.

ಭಾನುವಾರ ಬಂದ ಕರಿಬಸಪ್ಪ, ಲಿಂಗಸುಗೂರಿನವನು,
ಟೈಲ್ಸ್ ಕೆಲಸ, ಉಗುರಿನ ಸಂದಿಯಲ್ಲಿ ಬಿಳಿ ಸಿಮೆಂಟು.
ನಾಲ್ಕು ತಿಂಗಳ ಸಂಬಳ ಬಾಕಿ.
“ಅರವತ್ತು ದಿನದಾಗ ದೂರು ಕೊಡಬೌದು ಅಂತ
ನೀವ ಹೇಳಿದ್ರಿ. ಇವತ್ತ ಮೂವತ್ನಾಕು.”
ನಾನು ಚೀಟಿ ತೋರಿಸಿದೆ.
ಅವನು ಚೀಟಿಯನ್ನಲ್ಲ, ಅದರ ಅಂಚನ್ನು ನೋಡಿದ.
“ದೊಡ್ಡದು ಯಾವುದ್ರಿ, ಕಾಯ್ದೇನೋ, ಈ ಕಾಗದಾನೋ?”
ಕಾಯಿದೆ ತಾಯಿ, ಅಂದೆ. ಇದು ಅದರ ಕೂಸು.
“ಮತ್ತ ಮನ್ಯಾಗ ಕೂಸಿನ ಮಾತ ಯಾಕ ನಡೀತೈತಿ?”

ಪಕ್ಕದ ಅಂಗಡಿ ದರ್ಜಿ ಗುಲ್ ಝಮಾನನನ್ನು ಕೇಳಿದೆ.
ಅಂಚು ಮಡಚು ಅಂದರೆ ಮಡಚುತ್ತೇನೆ, ಅಂದ,
ನಿಲುವಂಗಿಯನ್ನೇ ಕುಪ್ಪಸ ಮಾಡಿಕೊಟ್ಟರೆ
ಗಿರಾಕಿ ನನ್ನ ಕತ್ತರಿ ಕಸಿದುಕೊಂಡಾನು.
‘ನಿನಗೆ ತೋಚಿದ ಹಾಗೆ’ ಅಂತ ಅವನೇ ಬರೆದುಕೊಟ್ಟಿದ್ದರೆ?
ಗುಲ್ ಝಮಾನ್ ಹಲ್ಲಲ್ಲಿ ದಾರ ಕಡಿದ.
“ಮತ್ತೆ ಅಳತೆ ಕೊಡಲು ಬಂದದ್ದು ಯಾಕೆ?”

ಮಾಲೀಕ ಖಲ್ಫಾನ್ ಒಪ್ಪಲಿಲ್ಲ.
ಕಾಹ್ವಾದ ಬಟ್ಟಲು ಕೆಳಗಿಟ್ಟು ಕೇಳಿದ:
ಬಿರುಗಾಳಿಯ ರಾತ್ರಿ ನೆನಪಿದೆಯಾ?
ವಾದಿಯ ನೀರು ಕಾರುಗಳನ್ನು ಖರ್ಜೂರದ ಬೀಜದಂತೆ ಉಗುಳಿತ್ತು.
ಕಚೇರಿ ಮುಳುಗಿತ್ತು. ನಿನ್ನ ಹೆಂಡತಿಯ ವೀಸಾ ಮುಗಿದಿತ್ತು,
ಅವಳಿಗೆ ಏಳು ತಿಂಗಳು.
ದೊಡ್ಡವರೆಲ್ಲ ಸೇರಿ, ಚರ್ಚಿಸಿ, ಕಾಯಿದೆ ತಿದ್ದುವಷ್ಟರಲ್ಲಿ
ನಿನ್ನ ಮಗಳು ಒಂದನೇ ಕ್ಲಾಸು ಮುಗಿಸುತ್ತಿದ್ದಳು.
ಅರ್ಧ ಪುಟದ ಆದೇಶ, ಯಾ ಅಖೀ, ಒಂದೇ ರಾತ್ರಿ.

ನಿಜ. ಆ ಅರ್ಧ ಪುಟದ ಉಪ್ಪು ತಿಂದವನು ನಾನು.
ಖಲ್ಫಾನನಿಗೆ ಉತ್ತರ ಕೊಡಲಿಲ್ಲ.

ಶಟರ್ ಎಳೆದ ಮೇಲೆ ಪುಸ್ತಕ ತೆಗೆದೆ.
ಬಿರುಗಾಳಿಯ ಆ ಚೀಟಿ ಇನ್ನೂ ಇದೆ.
ಅದಕ್ಕೊಂದು ಕೊನೆಯ ದಿನಾಂಕವಿತ್ತು. ಹಾಗಾಗಿ
ಅಂಟು ಹಚ್ಚದೆ ಗುಂಡುಸೂಜಿಯಲ್ಲಿ ಚುಚ್ಚಿಟ್ಟಿದ್ದೆ.
ಸೂಜಿಗೆ ತುಕ್ಕು. ಎತ್ತಿದರೆ
ಕೆಳಗಿನ ಸಾಲು ಹಾಗೇ ಇದೆ, ಅಕ್ಷರವೂ ಮುಕ್ಕಾಗದೆ.

‘ಇಪ್ಪತ್ತು’ ಎಂಬ ಚೀಟಿಗೆ ಕೊನೆಯ ದಿನವಿಲ್ಲ.
ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ.
ಎದ್ದಿತು.
ಅದರ ಬೆನ್ನಿಗೆ ಕಚ್ಚಿಕೊಂಡು ‘ಅರವತ್ತು’ ಕೂಡ ಎದ್ದಿತು,
ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ.
ಪುಟದಲ್ಲಿ ಉಳಿದದ್ದು ನೊಣದ ಗಾತ್ರದ ಬಿಳಿ.

ಬೆಳಿಗ್ಗೆ ಕರಿಬಸಪ್ಪನ ಅರ್ಜಿ ಟೈಪು ಮಾಡಿದೆ, ದುಡ್ಡು ಕೇಳಲಿಲ್ಲ.
‘ವಿಳಂಬಕ್ಕೆ ಕಾರಣ’ ಎಂಬ ಖಾನೆಯ ಮುಂದೆ
ತುಸು ಹೊತ್ತು ಬೆರಳು ನಿಂತವು. ಆಮೇಲೆ ಬರೆದೆ:
ಅರ್ಜಿದಾರನು ಕಾಯಿದೆಯನ್ನು
ಇದ್ದ ಹಾಗೆ ಓದಿಕೊಂಡಿದ್ದನು.